ಆರನೆಯ ಸಾಲು

ಶಿವಯೋಗಪ್ಪ ಮಾಸ್ತರಿಗೆ ಬೇಕಾಗಿದ್ದುದು ಬಹಳ ದೊಡ್ಡದೇನೂ ಅಲ್ಲ. ಒಂದರ ಕೆಳಗೊಂದು ಬರೆದ ಎರಡು ಸಾಲು ಅಂಕಿಗಳು ಒಂದೇ ಥರ ಇರುವುದನ್ನು ತಮ್ಮ ಕಣ್ಣಿನಿಂದ ನೋಡಬೇಕಿತ್ತು, ಅಷ್ಟೇ. ಹೊಗಳಿಕೆ ಕೇಳಿದವರಲ್ಲ, ಸನ್ಮಾನ ಕೇಳಿದವರಲ್ಲ. ನಿವೃತ್ತಿಯ ದಿನ ಹೈಸ್ಕೂಲಿನವರು ಹೊದಿಸಿದ ಶಾಲನ್ನು ಮನೆಗೆ ಬಂದವರೇ ಮಡಿಚಿ ಟ್ರಂಕಿಗೆ ಹಾಕಿಸಿದ್ದರು, ಆಮೇಲೆ ಅದರ ಮುಖ ನೋಡಲಿಲ್ಲ. ಆ ಎರಡು ಸಾಲಿಗಾಗಿ ಮಾತ್ರ ಮೂವತ್ತಾರು ವರ್ಷ ಕಾದರು. ಅವರ ಹೆಂಡತಿ ಅನ್ನದಾನಮ್ಮ ಅದರಲ್ಲಿ ಮೂವತ್ತೆರಡು ವರ್ಷ ಅವರ ಜೊತೆಗೇ ಕಾದಳು, ಕಾಯುತ್ತಿರುವುದು ಏನಕ್ಕೆ ಎಂದು ಪೂರ್ತಿ ತಿಳಿಯದೆಯೇ.

ಇದೆಲ್ಲ ಶುರುವಾದದ್ದು ಅರವತ್ತನಾಲ್ಕನೆಯ ಇಸವಿಯಲ್ಲಿ, ಮಾಸ್ತರಿಗೆ ಹರಪನಹಳ್ಳಿಯಲ್ಲಿ ಮೊದಲ ನೌಕರಿ ಸಿಕ್ಕಾಗ. ಊಟದ ಬಿಡುವಿನಲ್ಲಿ ಹುಡುಗಿಯರು ಶಾಲೆಯ ಕಟ್ಟೆಯ ಮೇಲೆ ಒಂಟಿ-ಜೋಡಿ ಆಡುತ್ತಿದ್ದರು. ಹುಣಸೆ ಬೀಜಗಳನ್ನು ಒಂದಕ್ಕೊಂದು ತಾಗಿಸಿ ಸಾಲಾಗಿ ಇಡಬೇಕು. ಸರದಿ ಬಂದವರು ಎಲ್ಲಿಂದಲಾದರೂ ಒಂಟಿ ಬೀಜ ಎತ್ತಬಹುದು, ಇಲ್ಲವೇ ತಾಗಿರುವ ಒಂದು ಜೋಡಿ ಎತ್ತಬಹುದು. ನಡುವಿನಿಂದ ಎತ್ತಿದರೆ ಸಾಲು ಒಡೆದು ಎರಡಾಗುತ್ತದೆ. ಕೊನೆಯ ಬೀಜ ಎತ್ತಿದವಳದು ಗೆಲುವು. ಗಂಟೆ ಬಾರಿಸಿದಾಗ ಹುಡುಗಿಯರು ಬೀಜ ಉಡಿಯಲ್ಲಿ ಕಟ್ಟಿಕೊಂಡು ಒಳಗೆ ಹೋದರು. ಮಾಸ್ತರಿಗೆ ಮಾತ್ರ ಆಟ ಅಲ್ಲಿಗೆ ಮುಗಿಯಲಿಲ್ಲ.

ಎಷ್ಟು ಬೀಜದ ಸಾಲಿದ್ದರೆ ಹೇಗೆ ಆಡಬೇಕು ಎಂದು ಅವರು ಲೆಕ್ಕ ಹಾಕಲು ಕೂತರು. ಪ್ರತಿಯೊಂದು ಉದ್ದದ ಸಾಲಿಗೂ ಒಂದೊಂದು ಅಂಕಿ ಸಿಕ್ಕಿತು. ಅದಕ್ಕೆ ಅವರು ತೂಕ ಎಂದು ಹೆಸರಿಟ್ಟರು. ಎದುರಾಳಿಗೆ ಬಿಟ್ಟುಕೊಡುವ ತುಂಡುಗಳ ತೂಕ ಕೂಡಿ ಸೊನ್ನೆಯಾದರೆ ಗೆಲುವು ತಮ್ಮದು. ಒಂದು ಬೀಜದ ತೂಕ ಒಂದು, ಎರಡರದು ಎರಡು, ಮೂರರದು ಮೂರು, ನಾಲ್ಕು ಬೀಜದ ತೂಕ ಮತ್ತೆ ಒಂದು. ಉದ್ದದ ಸಾಲಿನ ತೂಕ ಹುಡುಕುವುದು ಚಾಕರಿಯ ಕೆಲಸ. ಆ ಸಾಲನ್ನು ಎಷ್ಟು ಬಗೆಯಾಗಿ ಒಡೆಯಬಹುದೋ ಅಷ್ಟೂ ಬಗೆಯಾಗಿ ಒಡೆದು, ಪ್ರತಿ ಸಲವೂ ಎರಡು ತುಂಡುಗಳ ತೂಕ ಕೂಡಬೇಕು. ಕೂಡುವುದು ಕೂಡ ಅಂಗಡಿಯ ಕೂಡುವ ಲೆಕ್ಕವಲ್ಲ. ಅಂಕಿಗಳನ್ನು ಒಂದು, ಎರಡು, ನಾಲ್ಕು, ಎಂಟರ ಚೂರು ಮಾಡಿ, ಎರಡೂ ಕಡೆ ಇರುವ ಚೂರನ್ನು ಹೊಡೆದುಹಾಕಿ ಉಳಿದದ್ದನ್ನು ಕೂಡಬೇಕು. ಅಲ್ಲಿ ಎರಡಕ್ಕೆ ಎರಡು ಸೇರಿದರೆ ಸೊನ್ನೆ, ಐದಕ್ಕೆ ಒಂದು ಸೇರಿದರೆ ನಾಲ್ಕು, ಐದಕ್ಕೆ ಏಳು ಸೇರಿದರೆ ಎರಡು. ಬಂದ ಮೊತ್ತಗಳನ್ನೆಲ್ಲ ಎದುರಿಗಿಟ್ಟುಕೊಂಡು ತರಗತಿಯಲ್ಲಿ ಹಾಜರಿ ಕೂಗಿದಂತೆ ಸೊನ್ನೆ, ಒಂದು, ಎರಡು ಎಂದು ಕೂಗುತ್ತಾ ಹೋಗಬೇಕು. ಮೊದಲು ಗೈರುಹಾಜರಾದ ಅಂಕಿ ಯಾವುದೋ ಅದೇ ಆ ಸಾಲಿನ ತೂಕ.

ಕೆಂಪು ರಟ್ಟಿನ ಒಂದು ಪುಸ್ತಕದಲ್ಲಿ, ಸೊನ್ನೆಯಿಂದ ಹಿಡಿದು, ಸಾಲಿಗೆ ಹನ್ನೆರಡರಂತೆ ಮಾಸ್ತರು ಈ ತೂಕಗಳನ್ನು ಬರೆದಿಟ್ಟರು. ಮೊದಲ ಸಾಲು ಹೇಗೇಗೋ ಇತ್ತು. ಎರಡನೆಯದು ನಾಲ್ಕು, ಒಂದು, ಎರಡು ಎಂದು ಶುರುವಾಯಿತು. ಮೂರನೆಯದೂ ನಾಲ್ಕು, ಒಂದು, ಎರಡು. ನಾಲ್ಕನೆಯದೂ, ಐದನೆಯದೂ ಹಾಗೆಯೇ. ನಾಲ್ಕನೆಯ ಸಾಲಿಗೂ ಐದನೆಯ ಸಾಲಿಗೂ ಬರೀ ಎರಡು ಕಡೆ ವ್ಯತ್ಯಾಸವಿತ್ತು. ಅಂಕಿಗಳು ಗಾಣದ ಎತ್ತಿನ ಹಾಗೆ ಸುತ್ತು ಹಿಡಿಯುತ್ತಿವೆ ಎಂದು ಅವರಿಗೆ ಅನ್ನಿಸಿತು. ಆರನೆಯದೋ ಏಳನೆಯದೋ ಸಾಲಿನ ಹೊತ್ತಿಗೆ ಎರಡು ಸಾಲು ಪೂರ್ತಿ ಒಂದೇ ಆದರೆ, ಆಮೇಲೆ ಲಕ್ಷ ಬೀಜ ಇಟ್ಟರೂ ಅಷ್ಟೇ, ಅದೇ ಹನ್ನೆರಡು ಅಂಕಿ ತಿರುಗಿ ತಿರುಗಿ ಬರುತ್ತವೆ. ದೂರದ ದೇಶಗಳ ಪುಸ್ತಕಗಳಲ್ಲಿ ಈ ಆಟಕ್ಕೆ ಬೇರೆ ಹೆಸರಿದೆ, ಅದರ ಅಂಕಿಗಳು ಹನ್ನೆರಡಕ್ಕೊಮ್ಮೆ ಮರುಕಳಿಸುತ್ತವೆ ಎಂದು ಬಹಳ ಹಿಂದೆಯೇ ತೋರಿಸಿದ್ದಾರೆ. ಮಾಸ್ತರು ಹಿಡಿದ ಜಾಡು ಸರಿಯಾಗಿಯೇ ಇತ್ತು. ಆದರೆ ಆ ಪುಸ್ತಕಗಳು ಹರಪನಹಳ್ಳಿಗಾಗಲಿ, ಆಮೇಲೆ ಅವರು ನೆಲೆಸಿದ ಕೊಟ್ಟೂರಿಗಾಗಲಿ ಬಂದಿರಲಿಲ್ಲ, ಬಂದಿದ್ದರೂ ಮಾಸ್ತರು ತಮ್ಮ ಕೈಯಿಂದ ಮಾಡಿ ನೋಡದೆ ನಂಬುತ್ತಿರಲಿಲ್ಲ.

ಐದು ಸಾಲು, ಅಂದರೆ ಅರವತ್ತು ಅಂಕಿ ಮುಗಿದ ಮೇಲೆ ಕೆಲಸ ನಿಂತಿತು. ಹೆಡ್‌ಮಾಸ್ತರಿಕೆ ಬಂತು, ಕೊಟ್ಟೂರಿಗೆ ವರ್ಗವಾಯಿತು, ಮಗಳು ಶಾಂಭವಿಯ ಓದು, ನರ್ಸ್ ಕೆಲಸ, ಹಡಗಲಿಗೆ ಅವಳನ್ನು ಕೊಟ್ಟದ್ದು. ಹೀಗೆ ಹದಿನೈದು ವರ್ಷ ಕೆಂಪು ಪುಸ್ತಕ ಕಪಾಟಿನಲ್ಲಿ ಕೂತಿತು. ನಿವೃತ್ತಿಯಾದ ಮೇಲೆ ಧೂಳು ಕೊಡವಿ ತೆಗೆದರು. ತೆಗೆದ ಎರಡನೆಯ ವರ್ಷಕ್ಕೆ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿಯಿತು.

ಅನ್ನದಾನಮ್ಮನ ವಿಷಯ ಹೇಳಬೇಕು. ಅವಳು ತಂಬ್ರಹಳ್ಳಿಯ ಬೊಮ್ಮಪ್ಪನ ಮಗಳು. ಬೊಮ್ಮಪ್ಪ ಕಣಗಳಲ್ಲಿ, ಸಂತೆಗಳಲ್ಲಿ ಕಾಳು ಅಳೆಯುವವನು, ಸುತ್ತಿನ ಹತ್ತು ಹಳ್ಳಿಯವರು ಅವನ ಸೇರಿನ ಮೇಲೆ ಕಣ್ಣು ಮುಚ್ಚಿ ನಂಬಿಕೆ ಇಡುತ್ತಿದ್ದರು. ಅಳೆಯುವವರಿಗೆ ಅವರದೇ ಎಣಿಕೆಯಿದೆ. ಮೊದಲ ಸೇರನ್ನು ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಏಳನೆಯದನ್ನು ಏಳು ಎನ್ನುವುದಿಲ್ಲ, ಮತ್ತೊಂದು ಎನ್ನುತ್ತಾರೆ. ರಾಶಿಯ ಎದುರು ಏಳು ಅಂದರೆ ರಾಶಿ ಎದ್ದು ಹೋಗುತ್ತದಂತೆ. ಬೇರೆಯವರು ಕಣದಲ್ಲಿ ಮಾತ್ರ ಹಾಗೆನ್ನುತ್ತಿದ್ದರು. ಬೊಮ್ಮಪ್ಪ ಮನೆಯಲ್ಲಿಯೂ ಆ ಅಂಕಿಯ ಹೆಸರೆತ್ತಲು ಬಿಡುತ್ತಿರಲಿಲ್ಲ. ಅನ್ನದಾನಮ್ಮ ಶಾಲೆಯಲ್ಲಿ ಮಗ್ಗಿ ಒಪ್ಪಿಸುವಾಗಲೂ ಆರಾದ ಮೇಲೆ ಮತ್ತೊಂದು ಎಂದೇ ಹೇಳಿ ಪೆಟ್ಟು ತಿಂದವಳು. ಮದುವೆಯಾದ ಹೊಸದರಲ್ಲಿ ಮಾಸ್ತರು ಇದಕ್ಕೆ ಬಹಳ ನಕ್ಕಿದ್ದರು. ಲಾಭ ಹೇಗೋ ಬಿಟ್ಟುಹೋಯಿತು, ಮತ್ತೊಂದು ಬಿಡಲಿಲ್ಲ. ವರ್ಷಗಳು ಕಳೆದ ಹಾಗೆ ಮಾಸ್ತರ ಕಿವಿಗೆ ಅದು ರೂಢಿಯಾಗಿ, ಅವಳು ಮತ್ತೊಂದು ಗಂಟೆಗೆ ಬಸ್ಸು ಎಂದರೆ ಅವರು ಏಳು ಗಂಟೆಗೆ ಎದ್ದು ನಿಲ್ಲುತ್ತಿದ್ದರು.

ಗಂಡನ ಕಣ್ಣು ಮಂದವಾದ ಮೇಲೆ ಅನ್ನದಾನಮ್ಮ ಸುಳ್ಳು ಕಲಿತಳು. ಮಾಸ್ತರು ಎಡವಿ ಮಜ್ಜಿಗೆಯ ಪಾತ್ರೆ ಉರುಳಿಸಿದರೆ ಬೆಕ್ಕು ಉರುಳಿಸಿತು ಎನ್ನುವಳು. ಐದು ಗಂಟೆಗೆ ಗಡಿಯಾರ ನೋಡಿ ಮೂರಾಯಿತು, ಚಹಾ ಕೊಡು ಎಂದರೆ ಗಡಿಯಾರ ನಿಂತುಹೋಗಿದೆ ಎನ್ನುವಳು. ಅಂಗಿಯ ಗುಂಡಿ ತಪ್ಪಿ ಹಾಕಿಕೊಂಡು ಪೇಟೆಗೆ ಹೋಗಿ ಬಂದರೆ, ಕಾಜ ಹೊಲಿದದ್ದೇ ಸೊಟ್ಟ ಎಂದು ದರ್ಜಿಯನ್ನು ಬೈಯುವಳು. ಒಂದು ಕಾಲದಲ್ಲಿ ಇಡೀ ಶಾಲೆಯನ್ನು ಗಡಗಡ ನಡುಗಿಸಿದ ಮನುಷ್ಯ, ತನ್ನ ಕೈಯಿಂದ ತಪ್ಪಾಯಿತೆಂದು ಕೂತು ಕುಗ್ಗುವುದನ್ನು ಅವಳಿಂದ ನೋಡಲಾಗುತ್ತಿರಲಿಲ್ಲ. ತಪ್ಪನ್ನೆಲ್ಲ ತನ್ನ ಕಡೆಗೋ, ಇಲ್ಲದ ಬೆಕ್ಕಿನ ಕಡೆಗೋ ತಿರುಗಿಸಿಬಿಟ್ಟರೆ ಆ ದಿನ ಸರಿಯಾಗಿ ಕಳೆಯುತ್ತಿತ್ತು.

ಬೈಸಿಕೊಂಡ ದರ್ಜಿ ರಹಿಮಾನ್. ಅವನ ಅಂಗಡಿ ಮಾಸ್ತರ ಮನೆಯ ಎದುರಿಗೇ. ಮಾಸ್ತರಿಗಿಂತ ಹತ್ತು ವರ್ಷ ಚಿಕ್ಕವನು, ಸಂಜೆ ಅಂಗಡಿಯ ಕಟ್ಟೆಯ ಮೇಲೆ ಅವರ ಜೊತೆ ಒಂಟಿ-ಜೋಡಿ ಆಡಿ ಹದಿನೈದು ವರ್ಷ ಸತತವಾಗಿ ಸೋತವನು. ಎರಡು ಸಾವಿರದ ಇಸವಿ ಹುಟ್ಟಿದ ತಿಂಗಳಲ್ಲಿ ಮಾಸ್ತರು ಹುಬ್ಬಳ್ಳಿಯಲ್ಲಿ ಕಣ್ಣಿಗೆ ಲೇಸರ್ ಮಾಡಿಸಿಕೊಂಡು ಬಂದಾಗ, ಡಾಕ್ಟರರು ಹೇಳಿದ್ದನ್ನು ಶಾಂಭವಿ ತಾಯಿಗೆ ಬಿಡಿಸಿ ಹೇಳಿದಳು. ಉಳಿದಿರುವ ಬೆಳಕು ಒಂದೂವರೆ ವರ್ಷ ಬರಬಹುದು, ಹೆಚ್ಚೆಂದರೆ ಎರಡು. ದೊಡ್ಡ ಅಕ್ಷರ ಕಾಣುತ್ತದೆ, ಸಣ್ಣದು ಕಾಣುವುದಿಲ್ಲ. ಕೆಂಪು ಪುಸ್ತಕದ ಅಂಕಿಗಳು ಎಳ್ಳಿನಷ್ಟು ಸಣ್ಣವು.

ಅದಕ್ಕೆ ದಾರಿ ಹುಡುಕಿದವನು ರಹಿಮಾನ್. ಮಾಸ್ತರು ಲೆಕ್ಕಕ್ಕೆ ಎರಡು ಕಾಗದದ ಪಟ್ಟಿ ಬಳಸುತ್ತಿದ್ದರು. ಒಂದರಲ್ಲಿ ತೂಕಗಳು ಎಡದಿಂದ ಬಲಕ್ಕೆ, ಇನ್ನೊಂದರಲ್ಲಿ ಬಲದಿಂದ ಎಡಕ್ಕೆ. ಒಂದರ ಕೆಳಗೊಂದು ಇಟ್ಟು ಸರಿಸಿದರೆ ಕೂಡಬೇಕಾದ ಜೋಡಿಗಳು ತಾವಾಗಿಯೇ ಎದುರುಬದುರು ಬಂದು ನಿಲ್ಲುತ್ತಿದ್ದವು. ಅಂಥವೇ ಎರಡು ಪಟ್ಟಿಯನ್ನು ಕಾಲರಿನೊಳಗೆ ಇಡುವ ಗಟ್ಟಿ ಬಕ್ರಂ ಬಟ್ಟೆಯಲ್ಲಿ ಹೊಲಿದು, ಇಂಚಿಗೊಂದರಂತೆ ಕಪ್ಪು ಬಣ್ಣದಲ್ಲಿ ದಪ್ಪಗೆ ಅಂಕಿ ಬರೆದರೆ ಹೇಗೆ ಎಂದ. ಅವನ ಅಳತೆಯ ಟೇಪು ಅರವತ್ತು ಇಂಚು, ಮಾಸ್ತರ ಅಂಕಿಗಳೂ ಅರವತ್ತು. ಇದಕ್ಕಿಂತ ಒಳ್ಳೆಯ ಶಕುನ ಬೇರೆ ಬೇಕೇ ಎಂದು ಅನ್ನದಾನಮ್ಮನಿಗೆ ಅನ್ನಿಸಿತು.

ಮಾಸ್ತರು ಕಣ್ಣು ಮುಚ್ಚಿ ಮಲಗಿರಬೇಕಾದ ವಾರದಲ್ಲಿ ಅವಳು ಕೆಂಪು ಪುಸ್ತಕ ಸೆರಗಿನಲ್ಲಿ ಸುತ್ತಿಕೊಂಡು ಅಂಗಡಿಗೆ ಹೋದಳು. ಪುಸ್ತಕದಲ್ಲಿದ್ದುದು ಕನ್ನಡದ ಅಂಕಿ. ರಹಿಮಾನ್ ಓದಿದ್ದು ಉರ್ದು ಶಾಲೆ, ಅವನಿಗೆ ಟೇಪಿನ ಮೇಲಿನ ಇಂಗ್ಲಿಷ್ ಅಂಕಿ ಬಿಟ್ಟರೆ ಬೇರೆ ತಿಳಿಯದು. ಅವಳು ಓದಬೇಕು, ಅವನು ಬರೆಯಬೇಕು ಎಂದಾಯಿತು. ಅವಳು ಬೆರಳಿಟ್ಟು ನಿಧಾನವಾಗಿ ಓದಿದಳು. ನಾಲ್ಕು, ಒಂದು, ಎರಡು, ಮತ್ತೊಂದು, ಒಂದು, ನಾಲ್ಕು. ರಹಿಮಾನನಿಗೆ ಕಣದ ಎಣಿಕೆ ಗೊತ್ತಿಲ್ಲದ್ದೇನಲ್ಲ. ಆದರೆ ಅದು ಆರಾದ ಮೇಲೆ ಬರುವ ಮಾತು, ಕಾಳಿನ ಮುಂದೆ ಆಡುವ ಮಾತು. ಇಲ್ಲಿ ಎರಡಾದ ಮೇಲೆ ಬಂತು, ಎದುರಿಗೆ ಕಾಳೂ ಇರಲಿಲ್ಲ. ಮನೆಮಾತು ಉರ್ದುವಾದ ಅವನ ತಲೆಯಲ್ಲಿ ಅದು ಔರ್ ಏಕ್ ಆಯಿತು. ಔರ್ ಏಕ್ ಅಂದರೆ ಇನ್ನೊಂದು ಒಂದು. ಒಮ್ಮೆ ಒಂದು ಎನ್ನುತ್ತಾಳೆ, ಒಮ್ಮೆ ಮತ್ತೊಂದು ಎನ್ನುತ್ತಾಳೆ, ಓದುವವರ ಬಾಯಿ ಹಾಗೆಯೇ ಅಂದುಕೊಂಡು ಅವನು ಒಂದು ಎಂದು ಬರೆದ. ಅರವತ್ತರಲ್ಲಿ ಎಂಟು ಏಳುಗಳಿದ್ದವು.

ಎಂಟೂ ಒಂದಾದವು. ಇಬ್ಬರೂ ಎಷ್ಟು ಶ್ರದ್ಧೆಯಿಂದ ಮಾಡಿದರು ಎಂದರೆ, ಬಣ್ಣ ಒಣಗುವ ತನಕ ರಹಿಮಾನ್ ನೊಣ ಕೂರದಂತೆ ಬೀಸಣಿಗೆ ಹಿಡಿದು ಕೂತಿದ್ದ. ಬೈಯೋಣವೆಂದರೆ ಯಾರನ್ನು ಬೈಯುವುದು?

ಪಟ್ಟಿಗಳನ್ನು ಮಂಚದ ಮೇಲೆ ಹಾಸಿದ ದಿನ ಮಾಸ್ತರು ಮೂಗು ತಾಗುವಷ್ಟು ಬಗ್ಗಿ ಒಂದೊಂದೇ ಅಂಕಿ ನೋಡಿದರು. ಅಷ್ಟು ಹತ್ತಿರದಿಂದ ಒಂದು ಸಲಕ್ಕೆ ಒಂದೇ ಅಂಕಿ ಕಾಣುತ್ತಿತ್ತು, ಅಕ್ಕಪಕ್ಕದ್ದು ಕಾಣುತ್ತಿರಲಿಲ್ಲ, ಸಾಲಿನ ಅಂದ ಕಾಣುವ ಮಾತಂತೂ ಇಲ್ಲ. ಆದರೂ ಅವರ ಮುಖ ಅರಳಿತು. ಬೆಳಗಿನ ಒಂಬತ್ತರಿಂದ ಹತ್ತರ ತನಕ ಪಡಸಾಲೆಗೆ ಬಿಸಿಲು ಚೆನ್ನಾಗಿ ಬೀಳುತ್ತದೆ. ಆ ಒಂದು ಗಂಟೆಯಲ್ಲಿ ದಿನಕ್ಕೆ ನಾಲ್ಕೈದು ಜೋಡಿ ಕೂಡಿದರೆ ತಿಂಗಳಿಗೊಂದು ಹೊಸ ಅಂಕಿ ಸಿಗುತ್ತಿತ್ತು.

ಮೊದಲ ತಿಂಗಳು ಎಂಟು ಬಂತು. ನಾಲ್ಕು ಬರಬೇಕಿತ್ತು. ಆರನೆಯ ಸಾಲು ನಾಲ್ಕರಿಂದ ಶುರುವಾಗಬೇಕಿತ್ತು, ಹಿಂದಿನ ನಾಲ್ಕು ಸಾಲೂ ಹಾಗೆಯೇ ಶುರುವಾಗಿದ್ದವು. ಮಾಸ್ತರು ಮತ್ತೆ ಕೂಡಿದರು. ಇಪ್ಪತ್ತೆಂಟು ಬೀಜದ ತುಂಡಿಗೆ ಐದು, ಮೂವತ್ತು ಬೀಜದ ತುಂಡಿಗೆ ಒಂದು. ಐದಕ್ಕೆ ಒಂದು ಸೇರಿದರೆ ನಾಲ್ಕು. ನಾಲ್ಕು ಹಾಜರಾಯಿತು, ಹಾಜರಾದದ್ದು ತೂಕವಾಗಲಾರದು. ಬಂದದ್ದು ಬಂತು ಎಂದು ಮುಂದಿನದನ್ನು ಹಿಡಿದರು. ಹನ್ನೊಂದು ಬಂತು. ಮೂವತ್ತಾರು ವರ್ಷದಲ್ಲಿ ಎಂಟನ್ನು ದಾಟದಿದ್ದ ಅಂಕಿ ಒಮ್ಮೆಗೇ ಹನ್ನೊಂದಕ್ಕೆ ಹಾರಿದಾಗ ಮಾಸ್ತರು ಕನ್ನಡಕ ತೆಗೆದು ಗೋಡೆಗೆ ಒರಗಿ ಕೂತರು. ಅವತ್ತು ಊಟಕ್ಕೆ ಕರೆದರೂ ಬರಲಿಲ್ಲ.

ಪಟ್ಟಿ ಬರೆಯುವಾಗ ಏನಾದರೂ ತಪ್ಪಿರಬಹುದೇ ಎಂದು ಅವರಿಗೆ ಅನ್ನಿಸದೇ ಇರಲಿಲ್ಲ. ಪುಸ್ತಕ ಇಟ್ಟುಕೊಂಡು ಇನ್ನೊಮ್ಮೆ ತಾಳೆ ನೋಡಿ ಎಂದು ಹೆಂಡತಿಗೂ ರಹಿಮಾನನಿಗೂ ಹೇಳಿದರು. ತಾವೂ ಎದುರಿಗೆ ಕೂತಿದ್ದರೆ ಅಲ್ಲಿಗೆ ಕಥೆ ಮುಗಿಯುತ್ತಿತ್ತು, ಮೊದಲ ಮತ್ತೊಂದು ಕಿವಿಗೆ ಬಿದ್ದ ಕೂಡಲೇ ಬೆರಳು ಎಲ್ಲಿದೆ ನೋಡು ಎನ್ನುತ್ತಿದ್ದರು. ಆದರೆ ಅವರು ಹೆಡ್‌ಮಾಸ್ತರಿಕೆ ಮಾಡಿದವರು.

"ನಾನಿದ್ರ ನೀವು ತಡವರಿಸ್ತೀರಿ," ಎಂದರು. "ಇನ್ಸ್‌ಪೆಕ್ಟರ್ ಬಂದ್ರ ಹುಡುಗ್ರು ಮಗ್ಗಿ ಮರೀತಾವಲ್ಲ, ಹಂಗ. ಇಬ್ರೇ ಅಂಗಡ್ಯಾಗ ಕುಂತು ನೋಡ್ರಿ."

ಇಬ್ಬರೇ ಅಂಗಡಿಯಲ್ಲಿ ಕೂತು ನೋಡಿದರು. ಅವಳ ಕಣ್ಣು ಪುಸ್ತಕದ ಮೇಲೆ, ಅವನ ಕಣ್ಣು ಪಟ್ಟಿಯ ಮೇಲೆ. ಅವಳು ಮತ್ತೊಂದು ಎಂದಳು, ಅವನ ಬೆರಳಿನ ಕೆಳಗೆ ಒಂದು ಇತ್ತು, ಸರಿ ಎಂದ. ಅರವತ್ತಕ್ಕೆ ಅರವತ್ತೂ ಸರಿ. ಆ ವರ್ಷ ಇದೇ ರೀತಿ ಮೂರು ಸಲ ತಾಳೆ ನೋಡಿದರು, ಮೂರು ಸಲವೂ ಅರವತ್ತಕ್ಕೆ ಅರವತ್ತೂ ಸರಿಯಾಗಿಯೇ ಇದ್ದವು. ತಪ್ಪು ಅಳೆಯದ ಬೊಮ್ಮಪ್ಪನ ಮಗಳು ಓದಿದ್ದು, ತಪ್ಪು ಕತ್ತರಿಸದ ದರ್ಜಿ ಬರೆದದ್ದು. ಇನ್ನು ಅನುಮಾನ ಪಡಲು ಮಾಸ್ತರಿಗೆ ತಮ್ಮ ತಲೆಯೊಂದೇ ಉಳಿಯಿತು. ಹಳೆಯ ಸಾಲುಗಳ ಕೊನೆಗೆ ಬೇರೇನೋ ಅಂಕಿ ಇದ್ದ ಹಾಗೆ ಅವರಿಗೆ ಆಗಾಗ ಮಸುಕಾಗಿ ನೆನಪಾಗುತ್ತಿತ್ತಂತೆ. ಆದರೆ ಬರೆದದ್ದನ್ನು ಬಿಟ್ಟು ನೆನಪಿನಿಂದ ಲೆಕ್ಕ ಮಾಡುವ ಹುಡುಗರ ಕಿವಿ ಹಿಂಡುತ್ತಿದ್ದವರು ಅವರು. ಸಕ್ಕರೆ ಕಾಯಿಲೆ ಕಣ್ಣಿನಿಂದ ತಲೆಗೂ ಏರಿತೇನೋ ಎಂದು ಒಂದು ದಿನ ಶಾಂಭವಿಯನ್ನು ಕೇಳಿದರು. ಹಾಗೆಲ್ಲ ಏರುವುದಿಲ್ಲ ಎಂದು ಅವಳು ಹೇಳಿದಳು. ಅವರು ನಂಬಿದಂತೆ ಕಾಣಲಿಲ್ಲ.

ಆದರೂ ಬಿಡಲಿಲ್ಲ. ಬಿಸಿಲು ಬಂದ ಕೂಡಲೇ ಪಡಸಾಲೆಗೆ ಬಂದು ಕೂರುವರು, ಬಕ್ರಂ ಪಟ್ಟಿ ಸರಿಸುವರು, ತುಟಿ ಕುಣಿಸುವರು. ಅನ್ನದಾನಮ್ಮ ಒಲೆಯ ಮುಂದಿನಿಂದಲೇ ನೋಡುತ್ತಿದ್ದಳು. ಅವಳಿಗೆ ಏನು ಮಾಡಬೇಕೆಂದೇ ತಿಳಿಯುತ್ತಿರಲಿಲ್ಲ. ಉಪ್ಪು ಹೆಚ್ಚಾದರೆ ಹುಳಿ ಹಿಂಡಬಹುದು, ಜ್ವರ ಬಂದರೆ ಕಷಾಯ ಕುದಿಸಬಹುದು, ಹನ್ನೊಂದು ಬಂದರೆ ಏನು ಮಾಡುವುದು? ತಾನು ಬೆಕ್ಕಿನ ಮೇಲೆ ಹಾಕಲು ಬಾರದ ತಪ್ಪು ಇದೊಂದೇ ಎಂದು ಅವಳಿಗೆ ಸಂಕಟವಾಗುತ್ತಿತ್ತು. ಕೆಂಪು ಪುಸ್ತಕವನ್ನು ಮೊದಲೆಲ್ಲ ತಮಾಷೆಗೆ ಸವತಿ ಎನ್ನುತ್ತಿದ್ದಳು. ಈಗ ಆ ಸವತಿಯ ಮೇಲೂ ಅವಳಿಗೆ ಮರುಕ ಬಂತು.

ಹದಿನಾಲ್ಕು ತಿಂಗಳಿಗೆ ಆರನೆಯ ಸಾಲು ಮುಗಿಯಿತು. ಅದರಲ್ಲಿ ಹಿಂದಿನ ಸಾಲಿನ ಚಹರೆ ಎಲ್ಲಿಯೂ ಇರಲಿಲ್ಲ. ಮುಗಿಸಿದ ವಾರದಲ್ಲಿಯೇ, ಅದು ಯುಗಾದಿಯ ಹಿಂದಿನ ವಾರ, ಪಡಸಾಲೆಯ ಬಿಸಿಲು ಬಂದಿದೆಯೋ ಇಲ್ಲವೋ ಎಂದು ಮಾಸ್ತರು ಹೆಂಡತಿಯನ್ನು ಕೇಳಿದರು. ಬಂದು ಬಹಳ ಹೊತ್ತಾಗಿತ್ತು. ಅವತ್ತು ಅವಳಿಗೆ ಯಾವ ಸುಳ್ಳೂ ಹೊಳೆಯಲಿಲ್ಲ. ಅವರು ಪಟ್ಟಿಗಳನ್ನು ಸುರುಳಿ ಸುತ್ತಿ ಅವಳ ಕೈಗೆ ಕೊಟ್ಟು, ಪುಸ್ತಕದ ಜೊತೆಗೆ ಒಳಗೆ ಇಡು ಎಂದರು. ಇಲ್ಲದ ಸುತ್ತು ಹುಡುಕಿದೆ, ಅಂಕಿಗಳಿಗೆ ಲಂಗು ಲಗಾಮಿಲ್ಲ, ಅವುಗಳದು ಏನೂ ತಪ್ಪಿಲ್ಲ, ಮೂವತ್ತಾರು ವರ್ಷ ನನಗೇ ಹುಚ್ಚು ಹಿಡಿದಿತ್ತು ಎಂದು ಸಮಾಧಾನದಲ್ಲಿಯೇ ಹೇಳಿದರು. ಹುಚ್ಚು ಎಂಬ ಮಾತು ಅವಳ ಎದೆಗೆ ನಾಟಿತು.

ಮಳೆಗಾಲ ಕಳೆದು ದಸರೆ ಹತ್ತಿರ ಬಂದಿತ್ತು. ಮಗಳಿಗೆ ಹೊಲಿಸಿದ ಕುಪ್ಪಸಗಳನ್ನು ತರಲು ಅನ್ನದಾನಮ್ಮ ಒಂದು ಮಧ್ಯಾಹ್ನ ರಹಿಮಾನನ ಅಂಗಡಿಗೆ ಹೋದಳು. ಕೆಲಸ ಇನ್ನೂ ಉಳಿದಿತ್ತು. ಸುಮ್ಮನೆ ಯಾಕೆ ಕೂರಬೇಕೆಂದು ಅವಳು ಡಬ್ಬಿಯಿಂದ ಹುಕ್ಕುಗಳನ್ನು ತೆಗೆದು ಎಣಿಸಿ ಎಣಿಸಿ ಅವನ ಮುಂದೆ ಇಡತೊಡಗಿದಳು. ನಾಲ್ಕು, ಐದು, ಆರು, ಮತ್ತೊಂದು, ಎಂಟು. ಮಶೀನು ತುಳಿಯುತ್ತಿದ್ದ ರಹಿಮಾನನ ಕಾಲು ನಿಂತಿತು. ಎಣಿಕೆಯ ಸರಿಯಾದ ಜಾಗದಲ್ಲಿ ಆ ಮಾತು ಈಗ ಅವನ ಕಿವಿಗೆ ಬಿದ್ದಿತ್ತು.

ಪುಸ್ತಕ ಓದುವಾಗಲೂ ಹೀಗೆಯೇ ಅಂದಿದ್ದಿರಾ ಎಂದು ಕೇಳಿದ. ನಾನು ಯಾವಾಗಲೂ ಹೀಗೆಯೇ ಅಲ್ಲವೇ ಎಂದಳು ಅವಳು.

"ನಾ ಅದನ್ನ ಒಂದು ಅಂತ ಬರದೀನಿ, ಅಕ್ಕಾ," ಎಂದ ರಹಿಮಾನ್.

ಅವಳಿಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಎದ್ದು ಹೋಗಿ ಕಪಾಟಿನಿಂದ ಪುಸ್ತಕವನ್ನೂ ಪಟ್ಟಿಯನ್ನೂ ತಂದಳು. ಎರಡನ್ನೂ ಕಟ್ಟೆಯ ಮೇಲೆ ಹರಡಿ ಮೊದಲ ಸಲ ತಾನೇ ಎರಡನ್ನೂ ನೋಡಿದಳು. ಪುಸ್ತಕದಲ್ಲಿ ಏಳು, ಪಟ್ಟಿಯಲ್ಲಿ ಒಂದು. ಎಂಟು ಕಡೆ. ಎರಡು ವರ್ಷ ಮನೆಯಲ್ಲಿ ತನ್ನ ಕಾಲುಕಾಲಿಗೆ ಸಿಕ್ಕಿದ ಪಟ್ಟಿ ಅದು. ದಿನಾ ಮಡಿಸಿ ಇಟ್ಟಿದ್ದಾಳೆ, ಧೂಳು ಹೊಡೆದಿದ್ದಾಳೆ, ಒಂದು ಸಲವೂ ಓದಿರಲಿಲ್ಲ. ಅವಳಿಗೆ ಅಳು ಬರಲಿಲ್ಲ. ನಾಲಿಗೆ ಕಿತ್ತುಕೊಳ್ಳುವ ಹಾಗಿದ್ದರೆ ಕಿತ್ತುಕೊಂಡುಬಿಡುತ್ತಿದ್ದಳು.

ರಹಿಮಾನನೇ ಮೊದಲು ಚೇತರಿಸಿಕೊಂಡ. ಪಟ್ಟಿ ಸರಿಮಾಡುವುದು ಒಂದು ಗಂಟೆಯ ಕೆಲಸ. ಸರಿಸುವುದು ತನಗೆ ಬರುತ್ತದೆ, ಅಂಕಿ ಓದಲು ಅಕ್ಕ ಇದ್ದಾರೆ, ಕೂಡುವ ಲೆಕ್ಕ ಮಾಸ್ತರ ತಲೆಯಲ್ಲಿದೆ, ಅದಕ್ಕೆ ಕಣ್ಣು ಬೇಕಿಲ್ಲ. ಮೂವರೂ ದಿನಾ ಎರಡು ಗಂಟೆ ಕೂತರೆ ಆರನೆಯ ಸಾಲು ಬೇಸಿಗೆಯೊಳಗೆ ಹೊಸದಾಗಿ ಬರುತ್ತದೆ. ಮುಂದಿನದನ್ನೂ ಮುಂದಿನದನ್ನೂ ಮಾಡಬಹುದು, ಹೋದ ಬೆಳಕಿಗೆ ಕಾಯಬೇಕಾಗಿಲ್ಲ. ಅವನು ಹೇಳುತ್ತಾ ಹೋದ ಹಾಗೆ ಅನ್ನದಾನಮ್ಮನಿಗೆ ಉಸಿರು ಬಂತು. ಮಾಸ್ತರು ಬೈಯುತ್ತಾರೆ, ಎರಡು ದಿನ ಮಾತು ಬಿಡುತ್ತಾರೆ, ಬಿಡಲಿ. ಹುಚ್ಚು ಎಂಬ ಆ ಮಾತನ್ನು ಅವರು ವಾಪಸು ತೆಗೆದುಕೊಂಡರೆ ಸಾಕಾಗಿತ್ತು ಅವಳಿಗೆ.

ಮಾಸ್ತರು ಪಡಸಾಲೆಯ ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತಿದ್ದರು. ರಹಿಮಾನ್ ಹೊಸ್ತಿಲಲ್ಲಿ ನಿಂತ. ಅನ್ನದಾನಮ್ಮ ಪುಸ್ತಕ ಅವುಚಿಕೊಂಡು ಅವರ ಪಕ್ಕಕ್ಕೆ ಕೂತು ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. ನಿಮ್ಮ ಲೆಕ್ಕ ತಪ್ಪಿರಲಿಲ್ಲ, ತಪ್ಪೆಲ್ಲ ನನ್ನ ಬಾಯಿಯದು ಎಂದಳು. ಮಾಸ್ತರು ತಲೆ ಓರೆ ಮಾಡಿ ಪೂರ್ತಿ ಕೇಳಿದರು. ಅವಳು ಕಾದಿದ್ದ ಬೈಗುಳ ಬರಲಿಲ್ಲ. ಅವರು ಮೆಲ್ಲಗೆ ನಕ್ಕರು.

"ಮಜ್ಜಿಗಿ ಚೆಲ್ಲಿದ್ದು ಬೆಕ್ಕು ಅಂದಿ," ಎಂದರು. "ನಮ್ಮನ್ಯಾಗ ಬೆಕ್ಕು ಯಾವಾಗ ಇತ್ತು? ಗಡಿಯಾರ ನಿಂತೈತಿ ಅಂದಿ. ಟಿಕ್ ಟಿಕ್ ಅನ್ನೋದು ನನಗ ಕೇಳಸ್ತಿತ್ತು. ಸುಮ್ಮನಿದ್ದೆ. ಈಗ ಇದನ್ನೂ ನಿನ್ನ ತಲಿ ಮ್ಯಾಲೆ ಹಾಕ್ಕೊಂಡ್ಯಾ?"

ಎಲ್ಲವೂ ಗೊತ್ತಿತ್ತು ಇವರಿಗೆ.

"ಇದು ಖರೇನ ರೀ," ಎಂದಳು.

"ಅವನ್ನೂ ಖರೇ ಅಂತನ ಹೇಳಿದ್ದಿ."

ರಹಿಮಾನ್ ಹೊಸ್ತಿಲಿನಿಂದ ಅಲ್ಲಾನ ಮೇಲೆ ಆಣೆ ಇಟ್ಟು, ಬರೆದವನು ನಾನೇ ಎಂದ. ನೀನು ಅಕ್ಕ ಹೇಳು ಅಂದದ್ದನ್ನು ಹೇಳುತ್ತೀಯ, ಕಾಜ ಸೊಟ್ಟ ಹೊಲಿದೆ ಎಂದು ಬೈಸಿಕೊಂಡೂ ಸುಮ್ಮನಿದ್ದವನಲ್ಲವೇ ಎಂದರು ಮಾಸ್ತರು. ಮೂರು ಸಲ ತಾಳೆ ನೋಡಿದ್ದೀರಿ, ಮೂರು ಸಲ ಸರಿ ಎಂದಿದ್ದೀರಿ, ಹುಟ್ಟಿದಾಗಿನಿಂದ ಈ ಊರಿನಲ್ಲಿದ್ದು ಮತ್ತೊಂದು ಎಂದರೆ ತಿಳಿಯಲಿಲ್ಲವೇ ಎಂದೂ ಕೇಳಿದರು. ಕೇಳಿದ್ದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಜಗಳವಾದರೂ ಆಡಬಹುದಿತ್ತು.

ಅನ್ನದಾನಮ್ಮ ಪುಸ್ತಕ ಬಿಚ್ಚಿ ಅವರ ತೊಡೆಯ ಮೇಲಿಟ್ಟಳು. ಇಟ್ಟ ಮೇಲೆ, ಯಾರಿಗೆ ತೋರಿಸುತ್ತಿದ್ದೇನೆ ಎಂದು ತಿಳಿದು ಕೈ ಹಿಂದಕ್ಕೆ ಬಂತು. ಅವರ ತೋರುಬೆರಳು ಹಿಡಿದು ಮೂವತ್ತು ಬೀಜದ ಮನೆಯ ಮೇಲೆ ಇಟ್ಟು, ಇಲ್ಲಿ ಇರುವುದು ಏಳು ಎಂದಳು. ಹುಟ್ಟಿದಾಗಿನಿಂದ ಬಾಯಿಗೆ ತಾರದ ಮಾತನ್ನು ಎರಡು ಸಲ ಹೇಳಿದಳು. ಐದಕ್ಕೆ ಏಳು ಸೇರಿಸಿ ನೋಡಿರಿ, ನೀವೇ ನೋಡಿರಿ ಎಂದಳು.

"ಐದಕ್ಕ ಏಳು ಸೇರಿದ್ರ ಎರಡು," ಎಂದರು ಮಾಸ್ತರು. "ಅದು ನನಗ ಗೊತ್ತೈತಿ. ಆದ್ರ ಅಲ್ಲಿ ಏಳು ಐತೋ ಒಂದು ಐತೋ, ಅದನ್ನ ನನಗ ಯಾರು ಹೇಳಬೇಕು? ನೀನ ಹೇಳಬೇಕು. ನೀ ನನ್ನ ಮನಸಿಗೆ ನೋವಾಗದಂಗ ಹೇಳಾಕಿ."

ಹಳೆಯ ಕಾಗದ ಅವರ ಬೆರಳಿನ ಕೆಳಗೆ ನುಣ್ಣಗಿತ್ತು. ಅನ್ನದಾನಮ್ಮ ಬಾಯಿ ತೆರೆದಳು. ಹೇಳಲು ಉಳಿದಿದ್ದುದೆಲ್ಲ ನಿಜವೇ, ಆದರೆ ಹೇಳುವ ಬಾಯಿ ಇದೇ. ಆಣೆ ಹಾಕಿದರೆ ಇನ್ನಷ್ಟು ಮರುಕದಿಂದ ನಗುತ್ತಾರೆ, ಅತ್ತರೆ ಬೆನ್ನು ಸವರುತ್ತಾರೆ. ಮಗಳನ್ನು ಕರೆಸಿ ಓದಿಸಿದರೆ ತಾಯಿ ಹೇಳಿಕೊಟ್ಟದ್ದು ಎನ್ನುತ್ತಾರೆ. ಎರಡು ವರ್ಷ ಅವಳು ಅವರನ್ನು ಎಷ್ಟು ಜೋಪಾನ ಮಾಡಿದ್ದಳೆಂದರೆ, ನಿಜ ಒಳಗೆ ಹೋಗಲು ಒಂದು ಸಂದೂ ಉಳಿದಿರಲಿಲ್ಲ.

ರಹಿಮಾನ್ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಮಾಸ್ತರು ಪುಸ್ತಕವನ್ನು ತಡವಿ ಮುಚ್ಚಿದರು. ಪಕ್ಕಕ್ಕೆ ಕೈ ಚಾಚಿ, ಗಾಳಿಯಲ್ಲಿ ಹುಡುಕಿ, ಅವಳ ಮೊಣಕೈ ಸಿಕ್ಕಿದ ಮೇಲೆ ಹಿಡಿದುಕೊಂಡರು. ಮೂವತ್ತಮೂರು ವರ್ಷದ ಸಂಸಾರದಲ್ಲಿ ಹಗಲು ಹೊತ್ತು, ಬಾಗಿಲು ತೆರೆದಿರುವಾಗ, ಅವರು ಅವಳ ಕೈ ಹಿಡಿದದ್ದು ಅದೇ ಮೊದಲು.

"ಇಷ್ಟು ವರ್ಷ ಆ ಬೀಜ ಹಿಡ್ಕೊಂಡು ಕುಂತೆ," ಎಂದರು. "ಕಣ್ಣಿದ್ದಾಗ ನಿನ್ನ ಕಡಿ ನೋಡಬೇಕಿತ್ತು, ಅನ್ನದಾನಿ. ನಿನ್ನಂಥಾಕಿ ಯಾರಿಗೆ ಸಿಗತಾಳ? ನನ್ನ ಸಮಾಧಾನಕ್ಕ ಎಷ್ಟು ದೊಡ್ಡ ಸುಳ್ಳು ಕಟ್ಕೊಂಡು ಬಂದಿ."

ಇಂಥ ಒಂದು ಮಾತಿಗಾಗಿ ಅವಳು ಎಷ್ಟು ವರ್ಷ ಕಾದಿದ್ದಳೋ ಅವಳಿಗೇ ಲೆಕ್ಕವಿರಲಿಲ್ಲ. ಈಗ ಬಂದಿತ್ತು. ಬೇಡ ಎನ್ನುವಂತಿರಲಿಲ್ಲ, ತೆಗೆದುಕೊಳ್ಳುವಂತಿರಲಿಲ್ಲ. ಮಾಸ್ತರು ಉತ್ತರಕ್ಕೆ ಕಾಯುತ್ತಿದ್ದರು, ಮುಖ ಅವಳ ಕಡೆಗಲ್ಲ, ಸ್ವಲ್ಪ ಆಚೆಗೆ ತಿರುಗಿತ್ತು.

ಅನ್ನದಾನಮ್ಮ ಹ್ಞೂಂ ಎಂದಳು.